ಬೀಗದ ಕೈ

ಇದಕ್ಕೆ ಬೀಗದ ಕೈ ಅಂತ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಧಾರವಾಡದ ಕಡೆ ಕೀಲಿಕೈ ಅಂತಾರೆ, ಅಲ್ಲೂ ಕೈ ಬಿಟ್ಟಿಲ್ಲ. ನಮ್ಮಜ್ಜಿಯ ಸೊಂಟದಲ್ಲಿದ್ದ ಗೊಂಚಲು ಝಣ್ ಅಂದರೆ ಸಾಕು, ಉಗ್ರಾಣದ ಬಾಗಿಲು ತೆಗೆಯುವ ಮೊದಲೇ ನಮಗೆ ಕೊಬ್ಬರಿ-ಬೆಲ್ಲದ ವಾಸನೆ ಬಂದಹಾಗಾಗುತ್ತಿತ್ತು.

ಈಗಿನ ಕಾರಿನ ಕೀ ಸದ್ದೇ ಮಾಡುವುದಿಲ್ಲ. ಜೇಬಿನಲ್ಲಿದ್ದರೆ ಆಯಿತು, ಹಿಡಿಕೆಯ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಮೊನ್ನೆ ತೆರೆಯಲಿಲ್ಲ. "ರೀ, ಮೊಬೈಲೂ ಕೀನೂ ಒಂದೇ ಜೇಬಲ್ಲಿ ಇಟ್ಟಿದ್ದೀರಲ್ಲ, ಬೇರೆ ಮಾಡಿ ನೋಡಿ" ಅಂದಳು ನನ್ನಾಕೆ. ಅದು ಸರಿಯಾದ ಮಾತು. ಗುಂಡಿ ಒತ್ತಿದಾಗ ಕಾರು ಸಣ್ಣ ದನಿಯಲ್ಲಿ, ಸುಮಾರು 125 ಕಿಲೋಹರ್ಟ್ಸ್‌ನಲ್ಲಿ, ಒಂದೆರಡು ಮೀಟರಿಗಷ್ಟೇ ಕೇಳುವಂತೆ ಕೂಗುತ್ತದೆ. ಕೀ 433 ಮೆಗಾಹರ್ಟ್ಸ್‌ನಲ್ಲಿ ಓಗೊಡುತ್ತದೆ. ಪಕ್ಕದಲ್ಲೇ ಫೋನಿದ್ದರೆ ಆ ಕೂಗು ಕೇಳದೆ ಹೋಗಬಹುದು. ಬೇರೆ ಮಾಡಿದೆ. ಆದರೂ ತೆರೆಯಲಿಲ್ಲ.

ಹಾಗಾದರೆ ಕೀಯೊಳಗಿನ ಸೆಲ್ಲು ಮುಗಿದಿರಬೇಕು. ಎರಡನೇ ಕೀಗೂ ಬಾಗಿಲು ತೆರೆಯದಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯನ್ನು ಅನುಮಾನಿಸಬೇಕು. ನಮ್ಮ ಎರಡನೇ ಕೀ ಮಗನ ಜೊತೆ ಊರಲ್ಲಿತ್ತು. ಕೀಯ ಬದಿಯ ಸಣ್ಣ ಚಿಲಕ ಸರಿಸಿ ಎಳೆದೆ. ಒಳಗಿಂದ ಬಂತು ನೋಡಿ, ಹಲ್ಲಿರುವ ಲೋಹದ ಕೀ! ಕೈಯನ್ನು ಮಡಚಿ ಒಳಗಿಟ್ಟುಕೊಂಡೇ ಇದೆ. ಹಿಡಿಕೆಯ ಮೇಲಿನ ಪುಟ್ಟ ಮುಚ್ಚಳ ತೆಗೆದು, ಅಲ್ಲಿದ್ದ ತೂತಿಗೆ ಹಾಕಿ ತಿರುಗಿಸಿದೆ. ಸತ್ತ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಿದೆ, ಇಂಜಿನ್ನು ಶುರುವಾಯಿತು. ಕೀಯೊಳಗಿನ ಚಿಪ್ಪಿಗೆ ಸೆಲ್ಲೇ ಬೇಡ, ಬೇಕಾದ ಶಕ್ತಿಯನ್ನು ಗುಂಡಿಯ ಹಿಂದಿನ ಸುರುಳಿಯಿಂದ ಪಡೆಯುತ್ತದೆ. ಇದನ್ನು ಮಾಡಿದವರ ಮುಂದಾಲೋಚನೆಗೆ ಮನಸ್ಸು ತುಂಬಿ ಬಂತು.

ವಾಚಿನ ಅಂಗಡಿಯಲ್ಲಿ 2032 ಸೆಲ್ ಕೇಳಿದೆ. ಆ ನಂಬರೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ದಪ್ಪ. "ಮುಖ ಮುಟ್ಟಬೇಡಿ ಸಾರ್, ಬೆರಳಿನ ಜಿಡ್ಡು ಕೂರುತ್ತೆ" ಎಂದು ಅಂಗಡಿಯವರು ಅಂಚು ಹಿಡಿದು ಕೂರಿಸಿಕೊಟ್ಟರು. ಕೀ ಎಲ್ಲಿಡ್ತೀರಿ ಅಂತಲೂ ಕೇಳಿದರು. ಕಾರು ನಿಲ್ಲಿಸುವ ಗೋಡೆಯ ಮೊಳೆಗೆ ಅಂದೆ. ಕಾರಿಗೆ ಅಷ್ಟು ಹತ್ತಿರವಿದ್ದರೆ ಅದು ಎಚ್ಚರವಾಗಿದ್ದು ಓಗೊಡುತ್ತಲೇ ಇರಬಹುದು, ಸೆಲ್ಲು ಬೇಗ ಖಾಲಿಯಾಗುತ್ತದಂತೆ.

ಈಗ ಆ ಮೊಳೆ ಖಾಲಿ. ಕೀ ಒಳಮನೆಯ ಗೂಡಿನಲ್ಲಿ, ಅಜ್ಜಿಯ ಗೊಂಚಲಿನ ಪಕ್ಕದಲ್ಲಿದೆ.