ಒಂದೇ ಮಡಕೆಯ ಸುತ್ತ

ಚಳಿಗಾಲ ಬಂತೆಂದರೆ ಜಪಾನೀಯರು 'ನಾಬೆ ಒ ಕಾಕೊಮು' ಎನ್ನುತ್ತಾರೆ. ನಾಬೆ ಎಂದರೆ ಪಾತ್ರೆ, ಕಾಕೊಮು ಎಂದರೆ ಸುತ್ತುವರಿಯುವುದು. ಊಟದ ಈ ಮಾತಿನಲ್ಲಿ ಉಣ್ಣುವ ಕ್ರಿಯಾಪದವೇ ಇಲ್ಲ. ಅದರ ಅರ್ಥ ನನಗೆ ಹೊಳೆದದ್ದು ವಿಚಾರ ಸಂಕಿರಣಕ್ಕೆಂದು ಕ್ಯೋಟೊಗೆ ಹೋಗಿದ್ದಾಗ, ಜನವರಿಯ ಒಂದು ಸಂಜೆ.

ಮೇಜಿನ ನಡುವೆ ಪುಟ್ಟ ಗ್ಯಾಸ್ ಒಲೆ, ಮೇಲೆ 'ದೊನಾಬೆ' ಎಂಬ ಮಣ್ಣಿನ ಮಡಕೆ. ಹೊಸ ದೊನಾಬೆಯಲ್ಲಿ ಮೊದಲು ಗಂಜಿ ಬೇಯಿಸುತ್ತಾರೆ, ಅದರ ಸಣ್ಣ ರಂಧ್ರಗಳು ಮುಚ್ಚಲೆಂದು. ನಮ್ಮಜ್ಜಿಯೂ ಹೊಸ ಮಡಕೆಯನ್ನು ಗಂಜಿಯಲ್ಲೇ ಪಳಗಿಸುತ್ತಿದ್ದಳು. ಸಮುದ್ರದ ಪಾಚಿಯಿಂದ ತೆಗೆದ ತಿಳಿಸಾರಿನಲ್ಲಿ ಕೋಳಿ, ತೋಫು, ಅಣಬೆ, ಎಲೆಕೋಸು ಕುದಿಯುತ್ತಿದ್ದವು. ಯಾವುದು ಯಾವಾಗ ಬೀಳಬೇಕೆಂದು ಅಪ್ಪಣೆ ಕೊಡುವವರಿಗೆ 'ನಾಬೆ ಬುಗ್ಯೊ' ಎಂಬ ತಮಾಷೆಯ ಬಿರುದು. ಬುಗ್ಯೊ ಎಂದರೆ ಎದೊ ಕಾಲದ ಅಧಿಕಾರಿ. ನಮ್ಮ ನಾಲ್ವರಲ್ಲಿ ಬುಗ್ಯೊ ಆಗಿದ್ದವರು ಹಿರಿಯ ಸಂಶೋಧಕಿಯೊಬ್ಬರು.

ಬಡಿಸಿಕೊಳ್ಳಲು ಉದ್ದನೆಯ ಬೇರೆ ಕಡ್ಡಿಗಳಿದ್ದವು. ಅವರು ನಮ್ಮ ಮುಖ ನೋಡಿ, "ಜಿಕಾಬಾಶಿ ಆದರೆ ಪರವಾಗಿಲ್ಲವೇ?" ಎಂದು ಕೇಳಿದರು. ತಿನ್ನುವ ಕಡ್ಡಿಯನ್ನೇ ನೇರ ಮಡಕೆಗೆ ಹಾಕುವುದು ಜಿಕಾಬಾಶಿ. ಅಪರಿಚಿತರ ನಡುವೆ ಅದು ಅಸಭ್ಯ, ಆಪ್ತರಲ್ಲಿ ಸಲುಗೆ.

ನನ್ನ ತಲೆಯಲ್ಲಿ ಎದ್ದದ್ದು ಒಂದೇ ಪದ: ಎಂಜಲು. ಬಡಿಸುವ ಸೌಟು ತಟ್ಟೆಗೆ ತಾಗಿದರೆ ಅಜ್ಜಿ ಅದನ್ನು ಮತ್ತೆ ಸಾರಿಗೆ ಅದ್ದಲು ಬಿಡುತ್ತಿರಲಿಲ್ಲ. ಅದು ಶುಚಿತ್ವದ ಮಾತು, ಸರಿ. ಆದರೆ ತೋಟದ ಕೆಲಸಕ್ಕೆ ಬರುತ್ತಿದ್ದವರ ಲೋಟ ಹಿತ್ತಲ ಗೋಡೆಯ ಮೇಲೆ ಬೇರೆಯೇ ಇರುತ್ತಿತ್ತು. ಎಷ್ಟು ತೊಳೆದರೂ ಅದು ಒಳಗೆ ಬರುತ್ತಿರಲಿಲ್ಲ. ಅಲ್ಲಿ ಯಾರೂ ಯಾರನ್ನೂ "ಪರವಾಗಿಲ್ಲವೇ" ಎಂದು ಕೇಳಿದ್ದಿಲ್ಲ. ಉತ್ತರ ಹುಟ್ಟಿನಲ್ಲೇ ತೀರ್ಮಾನವಾಗಿತ್ತು.

ಜಪಾನೇನೂ ಇದಕ್ಕೆ ಹೊರತಲ್ಲ. ಚರ್ಮದ ಕೆಲಸ ಮಾಡುವವರನ್ನು ಅಲ್ಲೂ ಮೈಲಿಗೆಯೆಂದು ದೂರವಿಟ್ಟಿದ್ದರು. 1871ರಲ್ಲಿ ಸರ್ಕಾರ ಆ ಭೇದವನ್ನು ಕಾಗದದ ಮೇಲೆ ಅಳಿಸಿತು. ಬದುಕಿನಲ್ಲಿ ಅದು ಅಳಿಯದಿದ್ದಾಗ, 1922ರಲ್ಲಿ ಇದೇ ಕ್ಯೋಟೊದಲ್ಲಿ ಅವರು ಸುಯ್ಹೇಶಾ ಎಂಬ ಸಂಘಟನೆ ಕಟ್ಟಿದರು.

"ಪರವಾಗಿಲ್ಲ" ಎಂದೆ. ಕೊನೆಗೆ, ನಾಲ್ವರ ಕಡ್ಡಿ ಅದ್ದಿದ್ದ ಆ ಸಾರಿಗೇ ಅನ್ನ ಹಾಕಿ, ಮೊಟ್ಟೆ ಕಲಕಿ 'ಜೋಸುಯಿ' ಎಂಬ ಗಂಜಿ ಮಾಡಿದರು. ಇಡೀ ಊಟದಲ್ಲಿ ಅದೇ ಹೆಚ್ಚು ರುಚಿಯಾಗಿತ್ತು.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಅಮ್ಮ, "ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕೋದಾ?" ಎಂದು ಮುಖ ಕಿವುಚಿದಳು. ನಾನು ಹಿತ್ತಲ ಗೋಡೆಯ ಲೋಟದ ಮಾತೆತ್ತಿದೆ. ಅಮ್ಮ ಸುಮ್ಮನಾದಳು. ಆ ಮಾತು ನಮ್ಮ ಮನೆಯಲ್ಲಿ ಶುರುವಾದದ್ದು ಅದೇ ಮೊದಲು.