ಅಮ್ಮನ ಹೂವಿನ ಚೀಲ, ನನ್ನ ಬೈಕಿನ ಸೆನ್ಸರ್

ಕಳೆದ ಚೌತಿಗೆ ನಾಲ್ಕು ದಿನ ಇರುವಾಗ ಕಟಪಾಡಿ ಜಂಕ್ಷನ್‌ನಲ್ಲಿ ಹೆದ್ದಾರಿ ದಾಟುತ್ತಿದ್ದ ನನ್ನ ಬೈಕ್ ನಡುರಸ್ತೆಯಲ್ಲಿ ನಿಂತುಹೋಯಿತು. ಹಿಂದೆ ಅಮ್ಮ. ಅಮ್ಮನ ಮಡಿಲಲ್ಲಿ ಮಲ್ಲಿಗೆಯ ಚೀಲ. ಕಾಪು ಕಡೆಯಿಂದ ಬರುತ್ತಿದ್ದ ಲಾರಿಯ ಹಾರ್ನ್ ಎಷ್ಟು ಹತ್ತಿರ ಕೇಳಿತು ಅಂದ್ರೆ, ಆಮೇಲೆ ಎರಡು ದಿನ ಕಣ್ಣು ಮುಚ್ಚಿದರೆ ಅದೇ ಕೇಳುತ್ತಿತ್ತು. ಸೆಲ್ಫ್ ಒತ್ತಿದೆ, ಹಿಡಿಯಲಿಲ್ಲ. ಎರಡೂ ಕಾಲು ನೆಲಕ್ಕೆ ಊರಿ, ಅಮ್ಮನನ್ನೂ ಸೇರಿಸಿ ಗಾಡಿಯನ್ನು ಹೇಗೋ ಹಿಂದಕ್ಕೆ ಎಳೆದೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆದಿತ್ತು. ಇಳಿದು ಚೀಲ ಸರಿಮಾಡಿಕೊಂಡು, "ನಾನು ರಿಕ್ಷಾದಲ್ಲಿ ಹೋಗ್ತೇನೆ, ನೀನು ಆಫೀಸಿಗೆ ಹೋಗು" ಎಂದರು. ಅಷ್ಟೇ.

ನಮ್ಮ ಮನೆ ಮಟ್ಟುಗೆ ಹೋಗುವ ದಾರಿಯಲ್ಲಿ, ಅಂದರೆ ಹೆದ್ದಾರಿಯ ಪಡುವಣಕ್ಕೆ. ಹೂ ಕೊಡಬೇಕಾದದ್ದು ಮೂಡಣದ ಶಂಕರಪುರದಲ್ಲಿ. ಹಾಗಾಗಿ ದಿನಾ ಹೆದ್ದಾರಿ ದಾಟದೆ ಉಪಾಯವಿಲ್ಲ. ಅಪ್ಪ ಹೋದ ಮೇಲೆ ಅಮ್ಮನ ಲೋಕ ಅಂದರೆ ಅಂಗಳದ ಮಲ್ಲಿಗೆ ಗಿಡಗಳೇ. ಬೆಳಕು ಹರಿಯುವ ಮೊದಲು ಟಾರ್ಚ್ ಹಿಡಿದು ಮೊಗ್ಗು ಕೊಯ್ಯುತ್ತಾರೆ, ಆಮೇಲೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂ ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಳೆಗಾಲದಲ್ಲಿ ಹೂ ಕಡಿಮೆ, ಚೌತಿ ಹತ್ತಿರ ಬಂತೆಂದರೆ ರೇಟು ಜಾಸ್ತಿ. ಆ ವಾರ ತಡವಾಗಿ ಹೋಗುವುದೆಂದರೆ ಕಟ್ಟಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ನನ್ನ ಶಿಫ್ಟ್ ಮಣಿಪಾಲದಲ್ಲಿ ಹನ್ನೊಂದಕ್ಕೆ. ಅಮ್ಮನನ್ನು ಶಂಕರಪುರಕ್ಕೆ ಬಿಟ್ಟು, ವಾಪಸ್ ಮನೆಗೆ ತಂದು, ಆಮೇಲೆ ನಾನು ಹೊರಡುವುದು ಅಂತ ಇಬ್ಬರೂ ಒಂದು ಲೆಕ್ಕ ಮಾಡಿಕೊಂಡಿದ್ದೆವು. ಆ ಲೆಕ್ಕ ಅಂದೇ ತಪ್ಪಿತು.

ನಿಜ ಹೇಳಬೇಕೆಂದರೆ ಬೈಕ್ ಮೊದಲೇ ಸೂಚನೆ ಕೊಟ್ಟಿತ್ತು. ಎರಡು ತಿಂಗಳಿಂದ ಮೈಲೇಜ್ ಇಳಿದಿತ್ತು. ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಒಳ್ಳೆ ಮಗುವಿನ ಹಾಗೆ ಇರುತ್ತದೆ. ಉಡುಪಿ ದಾಟಿ ಮಣಿಪಾಲದ ಏರು ಹತ್ತುವಾಗಲೂ ಏನೂ ತೊಂದರೆ ಇಲ್ಲ. ಆದರೆ ಮನೆಯಿಂದ ಹೊರಟು ಎರಡನೆಯ ನಿಮಿಷದಿಂದ ಹತ್ತನೆಯ ನಿಮಿಷದವರೆಗೆ ಮಾತ್ರ ಭಾರ ಹೊತ್ತವರ ಹಾಗೆ ಎಳೆಯುತ್ತದೆ, ನಿಂತಲ್ಲಿ ಗುಳುಗುಳು ಅಂತ ಆರಿಹೋಗುತ್ತದೆ. ಪೆಟ್ರೋಲ್ ಸರಿ ಇರಲಿಕ್ಕಿಲ್ಲ ಅಂದುಕೊಂಡು ಬಂಕ್ ಬದಲಿಸಿದೆ. ಅದೇ ನಾನು ಮಾಡಿದ ದೊಡ್ಡ ರಿಪೇರಿ!

ಆಫೀಸಿನ ಗೆಳೆಯನೊಬ್ಬ ಸಲಹೆ ಕೊಟ್ಟ: "ಆನ್‌ಲೈನ್‌ನಲ್ಲಿ ಚಿಕ್ಕ ಪೆಟ್ಟಿಗೆ ಸಿಗ್ತದೆ ಮಾರಾಯ್ತಿ, ಟೆಂಪರೇಚರ್ ಸೆನ್ಸರ್ ವಯರಿಗೆ ಹಾಕಿದ್ರೆ ಪಿಕಪ್ ಸೂಪರ್." ಆರ್ಡರ್ ಮಾಡುವ ಬೆರಳು ಒಂದು ಇಂಚು ದೂರದಲ್ಲಿತ್ತು. ಆ ಪೆಟ್ಟಿಗೆಯೊಳಗೆ ಇರುವುದು ಬರೀ ಒಂದು ರೆಸಿಸ್ಟರ್ ಅಂತ ಗೊತ್ತಾದದ್ದು ಆಮೇಲೆ. ಇಂಜಿನ್ ತಣ್ಣಗಿದೆ ಅಂತ ಬೈಕಿನ ಕಂಪ್ಯೂಟರಿಗೆ ಸುಳ್ಳು ಹೇಳಿ, ಪೆಟ್ರೋಲ್ ಜಾಸ್ತಿ ಸುರಿಸುವುದೇ ಅದರ ಕೆಲಸ. ನನ್ನ ಬೈಕಿಗೆ ಆಗಲೇ ಇದ್ದ ಕಾಯಿಲೆಯೇ ಅದು! ಹಾಕಿದ್ದರೆ ನಾನು ದುಡ್ಡು ಕೊಟ್ಟು ಕಾಯಿಲೆ ಜಾಸ್ತಿ ಮಾಡಿಕೊಳ್ಳುತ್ತಿದ್ದೆ.

ಕೊನೆಗೆ ಹೋದದ್ದು ಪೇಟೆಯ ಹಳೆಯ ಗ್ಯಾರೇಜಿಗೆ. ಅಲ್ಲಿಯ ಅಣ್ಣ ಅಪ್ಪನ ಬೈಕನ್ನೂ ನೋಡುತ್ತಿದ್ದವರು. ಬೈಕ್ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. "ತಣ್ಣಗಿರುವಾಗ ಸರಿ ಉಂಟಾ? ಪೂರ್ತಿ ಬಿಸಿಯಾದ ಮೇಲೆ ಸರಿ ಉಂಟಾ? ಹಾಗಾದ್ರೆ ನಡುವೆ ಮಾತ್ರ ತೊಂದ್ರೆ, ಅಲ್ವಾ ತಂಗೀ?" ಪ್ಲಗ್ ಬಿಚ್ಚಿ ತೋರಿಸಿದರು. ಅದರ ತುದಿ ನಮ್ಮ ಬಚ್ಚಲೊಲೆಯ ಹಂಡೆಯ ಅಡಿಯಷ್ಟು ಕಪ್ಪು. ಉರಿಯಲಾಗದಷ್ಟು ಪೆಟ್ರೋಲ್ ಬರುತ್ತಿದೆ ಅಂತ ಅರ್ಥ.

ಅಪ್ಪನ ಬೈಕಿನಲ್ಲಿ ಚೋಕ್ ಇತ್ತು. ಬೆಳಿಗ್ಗೆ ಅದನ್ನು ಎಳೆದು ಕಿಕ್ ಹೊಡೆದು, ಇಂಜಿನ್ ಪಕ್ಕ ಅಂಗೈ ಹಿಡಿದು ನಿಲ್ಲುತ್ತಿದ್ದರು. ಬಿಸಿ ತಟ್ಟಿತು ಅನಿಸಿದಾಗ ಚೋಕ್ ಒಳಗೆ. ಒಮ್ಮೆ ಮರೆತು ಉದ್ಯಾವರದವರೆಗೆ ಹೋಗಿ, ಹಿಂದೆ ಕಪ್ಪು ಹೊಗೆ ಬಿಟ್ಟುಕೊಂಡು ಬಂದದ್ದು ಮನೆಯಲ್ಲಿ ಈಗಲೂ ತಮಾಷೆ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಕಾರ್ಬ್ಯುರೇಟರ್, ಚೋಕ್ ಎರಡೂ ಹೆಚ್ಚುಕಡಿಮೆ ಮಾಯ. ಅಪ್ಪನ ಅಂಗೈಯ ಕೆಲಸವನ್ನು ಈಗ ಮಾಡುವುದು ಸಿಲಿಂಡರ್ ಹೆಡ್‌ನಲ್ಲಿ ಕೂತ ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆಯ ಸೆನ್ಸರ್. ನನ್ನದು ಗಾಳಿಯಿಂದ ತಣಿಯುವ ಇಂಜಿನ್, ಕೂಲೆಂಟ್ ನೀರು ಇಲ್ಲ. ಹಾಗಾಗಿ ಲೋಹದ ಬಿಸಿಯನ್ನೇ ಅದು ಅಳೆಯಬೇಕು.

ಅಳೆಯುವ ರೀತಿ ಸರಳ. ಸೆನ್ಸರ್ ಒಳಗೆ ಬಿಸಿ ಏರಿದಷ್ಟೂ ಪ್ರತಿರೋಧ ಕಡಿಮೆಯಾಗುವ ಒಂದು ತುಣುಕು ಇದೆ, ಥರ್ಮಿಸ್ಟರ್ ಅಂತಾರೆ. ಆ ಪ್ರತಿರೋಧ ನೋಡಿ ಬೈಕಿನ ಕಂಪ್ಯೂಟರ್, ಅಂದರೆ ಇಸಿಯು, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ತೀರ್ಮಾನಿಸುತ್ತದೆ. ಇಂಜಿನ್ ತಣ್ಣಗಿದ್ದರೆ ಜಾಸ್ತಿ, ಬಿಸಿಯಾದ ಹಾಗೆ ಕಡಿಮೆ. ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ತಪ್ಪು ತಿದ್ದಬಹುದು ನಿಜ, ಆದರೆ ಇಂಜಿನ್ ಸಾಕಷ್ಟು ಬಿಸಿಯಾಗಿದೆ ಅಂತ ಖಾತ್ರಿಯಾಗುವವರೆಗೆ ಇಸಿಯು ಅದರ ಮಾತು ಕೇಳುವುದೇ ಇಲ್ಲ.

"ಸೆನ್ಸರ್ ಹಾಳಾಗಿದ್ಯಾ?" ಅಂದೆ. "ನೋಡುವಾ" ಅಂತ ಬಿಚ್ಚಿ ಕೈಗೆ ಕೊಟ್ಟರು. "ಮನೆಗೆ ತಗೊಂಡು ಹೋಗಿ ಬಿಸಿನೀರಿಗೆ ಹಾಕಿ ಅಳೆದು ನೋಡು. ನೀನು ಕಲಿತವಳಲ್ವಾ?" ಸ್ವಲ್ಪ ಕುಟುಕು ಇತ್ತು ಆ ಮಾತಿನಲ್ಲಿ.

ಆ ಸಂಜೆ ಅಡುಗೆಮನೆಯಲ್ಲಿ ಮಲ್ಟಿಮೀಟರ್ ಹಿಡಿದು ಕೂತೆ. ಸುಮ್ಮನೆ ಮೇಜಿನ ಮೇಲಿರುವಾಗ ಸೆನ್ಸರ್ 1,900 ಓಮ್ ಆಸುಪಾಸು ತೋರಿಸುತ್ತಿತ್ತು. ಕುದಿಯುವ ನೀರಿಗೆ ತುದಿ ಅದ್ದಿದ್ದೇ ತಡ, ಅಂಕಿ ಸರ್ರನೆ ಇಳಿದು, ಕೆಲವೇ ಸೆಕೆಂಡಿನಲ್ಲಿ 200ಕ್ಕಿಂತ ಕೆಳಗೆ ಬಂದು ನಿಂತಿತು. ಅಂದರೆ ಸೆನ್ಸರ್ ಚುರುಕಾಗಿಯೇ ಇದೆ. ಹಾಗಾದರೆ ಬೈಕಿನಲ್ಲಿ ಕೂತಾಗ ಅದಕ್ಕೆ ಯಾಕೆ ಇಷ್ಟು ನಿಧಾನ?

ಪಕ್ಕದಲ್ಲಿ ಬೆಳಗಿನ ದೋಸೆಗೆ ಅಕ್ಕಿ ತೊಳೆಯುತ್ತಿದ್ದ ಅಮ್ಮ, ಮೂರು ದಿನದಿಂದ ಬೈಕಿನ ವಿಷಯ ಮಾತಾಡದವರು, ಕೇಳಿದರು: "ಅದು ಒಳಗೆ ಎಂತಕ್ಕೆ ತಾಗಿಕೊಂಡು ಇರ್ತದೆ?"

"ಇಂಜಿನ್‌ಗೆ."

"ತಾಗ್ತದಾ? ಕಾವಲಿ ಕಾದಿದ್ಯಾ ಅಂತ ಕಾವಲಿಗೇ ನೀರು ಚಿಮುಕಿಸಿ ನೋಡ್ಬೇಕು. ಒಲೆ ಹತ್ರ ಗಾಳಿಯಲ್ಲಿ ಕೈ ಹಿಡಿದು ನಿಂತ್ರೆ ಎಂತ ಗೊತ್ತಾಗ್ತದೆ?"

ಮರುದಿನ ಟಾರ್ಚ್ ಹಿಡಿದು ಸೆನ್ಸರ್ ಕೂರುವ ಗುಳಿಯೊಳಗೆ ನೋಡಿದೆವು. ಗೋಡೆಗೆ ಒಣಗಿದ ಬೂದು ಬಣ್ಣದ ಹಕ್ಕಳೆ. ಸೆನ್ಸರಿನ ತುದಿ ಗುಳಿಯ ತಳಕ್ಕೆ ತಾಗುವುದೇ ಇಲ್ಲ, ಸುತ್ತಲೂ ಗಾಳಿಯ ಸಂದು. ಅಲ್ಲಿ ಮೊದಲು ಬಿಸಿ ದಾಟಿಸುವ ಪೇಸ್ಟ್ ಇದ್ದದ್ದು ನಿಜ. ಹಿಂದೊಮ್ಮೆ ಸರ್ವಿಸ್ ಮಾಡುವಾಗ ಯಾರೋ ಸೆನ್ಸರ್ ತೆಗೆದು, ಒರೆಸಿ, ಹಾಗೆಯೇ ಹಾಕಿದ್ದಾರೆ. ಯಾರು, ಎಲ್ಲಿ ಅಂತ ಬರೆಯುವುದಿಲ್ಲ, ಬಿಲ್ಲಿಗೆ ಸಹಿ ಹಾಕಿ ಗಾಡಿ ತಂದವಳು ನಾನೇ.

ಒಂದು ಮಿಲಿಮೀಟರ್ ಗಾಳಿ ಇಷ್ಟು ಕೆಲಸ ಕೆಡಿಸ್ತದಾ ಅಂತ ನಿಮಗೂ ಅನಿಸಬಹುದು, ನನಗೂ ಅನಿಸಿತ್ತು. ಲೆಕ್ಕ ನೋಡಿದೆ. ಬಿಸಿಯನ್ನು ದಾಟಿಸುವ ಶಕ್ತಿ ಅಲ್ಯೂಮಿನಿಯಂಗೆ ಸುಮಾರು 200 ಇದ್ದರೆ, ನಿಂತ ಗಾಳಿಗೆ 0.026 (ಯೂನಿಟ್ ಬೇಕಾದವರಿಗೆ: ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್). ಸಾವಿರಾರು ಪಟ್ಟು ವ್ಯತ್ಯಾಸ! ಉಣ್ಣೆಯ ಕಂಬಳಿ ಬೆಚ್ಚಗಿಡುವುದು ಕೂಡ ಉಣ್ಣೆಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಬಿದ್ದ ಗಾಳಿಯಿಂದ. ನನ್ನ ಸೆನ್ಸರ್ ಕಂಬಳಿ ಹೊದ್ದು ಮಲಗಿತ್ತು. ಹೆಡ್ ಆಗಲೇ ಬಿಸಿಯಾಗಿದ್ದರೂ ಅದಕ್ಕೆ ಸುದ್ದಿ ತಲುಪುವುದು ತಡ, ಅಷ್ಟು ಹೊತ್ತೂ ಇಸಿಯು ತಣ್ಣಗಿನ ಇಂಜಿನ್ ಅಂತ ಪೆಟ್ರೋಲ್ ಸುರಿಯುತ್ತದೆ. ಮನೆಯಿಂದ ಜಂಕ್ಷನ್‌ಗೆ ಬರುವ ಹೊತ್ತು ಕರೆಕ್ಟಾಗಿ ಆ ತಡದ ನಡುಭಾಗಕ್ಕೆ ಬೀಳುತ್ತಿತ್ತು.

ಅಣ್ಣ ಗುಳಿಯನ್ನು ಚೆನ್ನಾಗಿ ಒರೆಸಿ, ತಾಮ್ರ ಬೆರೆಸಿದ, ಹೆಚ್ಚು ಬಿಸಿ ತಡೆಯುವ ಪೇಸ್ಟನ್ನು ತಳಕ್ಕೆ ಸ್ವಲ್ಪವೇ ಹಾಕಿದರು. ನಾನು ಲ್ಯಾಪ್‌ಟಾಪಿನ ಪ್ರೊಸೆಸರ್‌ಗೆ ಹಚ್ಚುವ ಪೇಸ್ಟ್ ಟ್ಯೂಬ್ ತಂದಿದ್ದೆ, "ಗಾಳಿಯಲ್ಲಿ ತಣಿಯುವ ಇಂಜಿನ್ ಹೆಡ್ಡಿನ ಬಿಸಿಗೆ ಇದು ಎಷ್ಟು ದಿನ ಬಾಳ್ತದೆ ಮಾರಾಯ್ತಿ" ಅಂತ ಬದಿಗಿಟ್ಟರು. ಗುಳಿ ತುಂಬ ತುರುಕಿದರೆ ಸೆನ್ಸರ್ ತಿರುಗಿಸುವಾಗ ಪೇಸ್ಟಿಗೆ ಹೋಗಲು ಜಾಗ ಇರುವುದಿಲ್ಲ, ಸೆನ್ಸರ್ ಒಡೆಯಬಹುದು. ಹಿತ್ತಾಳೆ ಮೆತ್ತಗೆ, ಜೋರಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಹೀಗೆ ಎರಡು ಮಾತು ಹೇಳಿ, ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್‌ನಲ್ಲಿ ಹಗುರವಾಗಿ ಬಿಗಿದರು. ನೀವೂ ಮಾಡುವುದಿದ್ದರೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮತ್ತು ವಾರಂಟಿ ಇದ್ದರೆ ಮೊದಲು ಅದರ ಷರತ್ತು ಓದಿ. ನನ್ನದು ಮುಗಿದಿತ್ತು.

ನಂಬಿಕೆಗೆ ಬಿಡಲು ಮನಸ್ಸಿರಲಿಲ್ಲ. ಡಯಾಗ್ನೋಸ್ಟಿಕ್ ಕನೆಕ್ಟರಿಗೆ ಹಾಕುವ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಹಾಕಿ, ರಸ್ತೆ ಬದಿಯಲ್ಲಿ ನಿಂತು ನಿಂತು ಫೋನಿನಲ್ಲಿ ಇಂಜಿನ್ ಬಿಸಿ ನೋಡಿದೆ. ಪೇಸ್ಟ್ ಹಾಕುವ ಮೊದಲೂ ಹೀಗೆಯೇ ನೋಡಿದ್ದೆ: ಉದ್ಯಾವರ ಸೇತುವೆಗೆ ಬಂದರೂ ಆ್ಯಪ್ 52 ಡಿಗ್ರಿ ತೋರಿಸುತ್ತಿತ್ತು, ಅಂಬಲಪಾಡಿ ತಲುಪುವ ಹೊತ್ತಿಗೆ ಅದಕ್ಕೆ ಎಚ್ಚರ. ಈಗ ಅದೇ ಸೇತುವೆಯಲ್ಲಿ 90 ದಾಟಿತ್ತು. ಅಣ್ಣ ತಮ್ಮ ಇನ್ಫ್ರಾರೆಡ್ ಗನ್‌ನಿಂದಲೂ ತಾಳೆ ನೋಡಿದರು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಗನ್ ಸುಳ್ಳು ಹೇಳುತ್ತದಂತೆ, ಅದಕ್ಕೆ ಹೆಡ್ ಮೇಲೆ ಒಂದು ಚುಕ್ಕೆ ಕಪ್ಪು ಬಣ್ಣ ಹಚ್ಚಿ ಅಲ್ಲಿಗೆ ಹಿಡಿದರು. ಆ ಚುಕ್ಕೆ ಇನ್ನೂ ಹಾಗೇ ಇದೆ, ದೃಷ್ಟಿಬೊಟ್ಟಿನ ಹಾಗೆ.

ಬೈಕ್ ಈಗ ರಾಕೆಟ್ ಆಗಿದೆ ಅಂತ ಹೇಳಲಾರೆ. ಪವರ್ ಅಷ್ಟೇ, ಬಿಸಿಯೂ ಅಷ್ಟೇ. ಮೈಲೇಜ್ ಮೊದಲಿದ್ದಲ್ಲಿಗೆ ಬಂದಿದೆ. ನಿಂತಲ್ಲಿ ಆರುವುದಿಲ್ಲ. ಹೊಸ ಪ್ಲಗ್ಗೂ ಹಾಕಿಸಿದೆ, ಹಳೆಯದಕ್ಕೆ ಆ ಕಪ್ಪಿನಿಂದ ಬಿಡುಗಡೆ ಇರಲಿಲ್ಲ.

ಇಷ್ಟೆಲ್ಲ ಆಗುವಾಗ ಚೌತಿ ಮುಗಿದಿತ್ತು. ಹಬ್ಬದ ದಿನಗಳಲ್ಲೆಲ್ಲ ಅಮ್ಮ ರಿಕ್ಷಾದಲ್ಲೇ ಹೋಗಿ ಬಂದರು. ಆ ಬಾಡಿಗೆಯನ್ನು ಹೂವಿನ ದುಡ್ಡಿನಿಂದಲೇ ಕೊಟ್ಟರು, ನನ್ನ ಹತ್ತಿರ ಕೇಳಲಿಲ್ಲ. ಅದು ನನಗೆ ಲಾರಿಯ ಹಾರ್ನ್‌ಗಿಂತ ಜಾಸ್ತಿ ನೋವು. ಗ್ರಾಫ್ ತೋರಿಸಿದೆ, 52 ಮತ್ತು 90ರ ಕಥೆ ಹೇಳಿದೆ. "ಒಳ್ಳೆದಾಯ್ತು" ಅಂದರು, ರಿಕ್ಷಾದವರಿಗೆ ಫೋನ್ ಮಾಡಿದರು. ನಾನು ಸುಮ್ಮನಾದೆ. ಎರಡು ವಾರ ದಿನಾ ಅವರ ರಿಕ್ಷಾದ ಹಿಂದೆಯೇ ಜಂಕ್ಷನ್‌ವರೆಗೆ ಹೋಗಿ, ಅಲ್ಲಿ ಇಂಜಿನ್ ಆಫ್ ಮಾಡದೆ ನಿಂತು, ಅವರು ದಾಟಿದ ಮೇಲೆ ಉಡುಪಿ ಕಡೆಗೆ ತಿರುಗುತ್ತಿದ್ದೆ. ಅವರು ಹಿಂದಿರುಗಿ ನೋಡುತ್ತಿದ್ದದ್ದು ಗೊತ್ತಾಗುತ್ತಿತ್ತು.

ಒಂದು ಸೋಮವಾರ ರಿಕ್ಷಾ ಬರಲಿಲ್ಲ. ಕರೆದಿರಲಿಲ್ಲವೋ, ಸಿಗಲಿಲ್ಲವೋ, ನಾನು ಕೇಳಲಿಲ್ಲ. ಅಮ್ಮ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು. "ಸ್ಟಾರ್ಟ್ ಮಾಡು, ಸ್ವಲ್ಪ ಬಿಸಿಯಾಗ್ಲಿ" ಅಂದರು, ಅಪ್ಪ ಹೇಳುತ್ತಿದ್ದ ಹಾಗೆಯೇ.

ಜಂಕ್ಷನ್‌ನಲ್ಲಿ ಮೂರು ಬಸ್ಸು, ಒಂದು ಮೀನಿನ ಲಾರಿ ಹೋಗುವವರೆಗೆ ಕಾದೆವು. ನನ್ನ ಭುಜದ ಮೇಲೆ ಅಮ್ಮನ ಐದೂ ಬೆರಳು ಒತ್ತಿ ಕೂತಿದ್ದವು. ಇಂಜಿನ್ ಒಂದೇ ಲಯದಲ್ಲಿ ಡಬಡಬ ಅನ್ನುತ್ತಿತ್ತು. ಎರಡೂ ಬದಿ ದಾಟಿ ಶಿರ್ವ ರಸ್ತೆಗೆ ಬಂದ ಮೇಲೆ ಬೆರಳು ಸ್ವಲ್ಪ ಸಡಿಲವಾಯಿತು. "ಇವತ್ತು ಅಟ್ಟೆಗೆ ಎಷ್ಟು ಹೇಳ್ತಾರೋ ನೋಡ್ಬೇಕು" ಎಂದರು ಅಮ್ಮ.