ಕರಗಿದ ಮಂಜುಗಡ್ಡೆ

ಹತ್ತನೆಯ ತರಗತಿಯವರೆಗೆ ನಾನು ವಿಜ್ಞಾನ ಕಲಿತದ್ದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಆಮ್ಲ, ಪ್ರತ್ಯಾಮ್ಲ, ದ್ರಾವಣ, ಪ್ರನಾಳ ಎಂಬ ಪದಗಳನ್ನು ನೆಚ್ಚಿಕೊಂಡೇ ಮುಂದೆ ಪದವಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಕಾಲಿಟ್ಟೆ. ಅಲ್ಲಿ ಪುಸ್ತಕ ಇಂಗ್ಲಿಷಿನದು, ಮಾತು ಮಲಯಾಳದ್ದು. ಏನು ತಪ್ಪಿದರೂ ನಾನು ಓದಿ ಬಂದ ಭಾಷೆಯೇ ಅದಕ್ಕೆ ಕಾರಣವೆಂಬ ಅಳುಕು ಮನಸ್ಸಿನಲ್ಲಿ ಬೇರೂರಿತ್ತು.

ಒಂದು ದಿನ, ಕೊಟ್ಟ ದ್ರವ ಯಾವ ಬಗೆಯ ಅಮೈನು ಎಂಬುದನ್ನು ಗುರುತಿಸಬೇಕಾಗಿತ್ತು. ಅದನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯ ಬೋಗುಣಿಯಲ್ಲಿ 0ರಿಂದ 5 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿ, ತಣ್ಣನೆಯ ಸೋಡಿಯಂ ನೈಟ್ರೈಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಬೇಕು. ಬಳಿಕ ಅದನ್ನು ಕ್ಷಾರದಲ್ಲಿ ಕರಗಿಸಿದ ಬೀಟಾ ನ್ಯಾಫ್ಥಾಲಿಗೆ ಸುರಿದಾಗ ಕಿತ್ತಳೆಗೆಂಪು ಮೂಡಿದರೆ, ಅದು ಅನಿಲೀನಿನಂತಹ ಆರೋಮ್ಯಾಟಿಕ್ ಪ್ರಾಥಮಿಕ ಅಮೈನು. ದ್ವಿತೀಯಕವಾದರೆ ನೈಟ್ರೈಟ್ ಸೇರಿಸಿದಾಗಲೇ ಹಳದಿ ಎಣ್ಣೆ ಬೇರ್ಪಡುತ್ತದೆ. ಬಣ್ಣ ಬಾರದೆ ಗುಳ್ಳೆಗಳಷ್ಟೇ ಎದ್ದರೆ ಅಲಿಫ್ಯಾಟಿಕ್ ಪ್ರಾಥಮಿಕ ಅಮೈನು.

ನನ್ನ ಪ್ರನಾಳದಲ್ಲಿ ಗುಳ್ಳೆಗಳೆದ್ದವು, ಕೆಂಪು ಮೂಡಲಿಲ್ಲ. ಅದೇ ಸೀಸೆಯ ದ್ರವ ಪಕ್ಕದವಳ ಪ್ರನಾಳದಲ್ಲಿ ಕೇಪಳ ಹೂವಿನಂತೆ ಕೆಂಪೇರಿತ್ತು. ಯಾವುದೋ ಇಂಗ್ಲಿಷ್ ಪದ ನನಗೆ ತಿಳಿಯದೆ ಹೋಯಿತೆಂದು ಭಾವಿಸಿ, ಅವಳ ಫಲಿತಾಂಶವನ್ನೇ ನನ್ನ ರೆಕಾರ್ಡ್ ಪುಸ್ತಕದಲ್ಲಿ ಬರೆದುಬಿಟ್ಟೆ.

ಟೀಚರ್ ಪುಸ್ತಕವನ್ನೂ ಪ್ರನಾಳವನ್ನೂ ನೋಡಿದರು. ಗದರಲಿಲ್ಲ. "ಐಸ್ ಎವಿಡೆ?" ಎಂದಷ್ಟೇ ಕೇಳಿದರು. ನನ್ನ ಬೋಗುಣಿಯಲ್ಲಿದ್ದುದು ಬರಿಯ ನೀರು. ಮುಂದೇನು ಮಾಡಬೇಕೆಂದು ಯಾರನ್ನೂ ಕೇಳಲು ನಾಚಿ ನಾನು ಸುಮ್ಮನೆ ನಿಂತಿದ್ದ ಹೊತ್ತಿನಲ್ಲಿ ಮಂಜುಗಡ್ಡೆ ಕರಗಿತ್ತು.

ಅನಿಲೀನಿನಿಂದ ಹುಟ್ಟುವ ಡಯಜೋನಿಯಂ ಲವಣ ಬೆಚ್ಚಗಾದರೆ ಉಳಿಯದು. ಸಾರಜನಕವನ್ನು ಕಳೆದುಕೊಂಡು ಫೀನಾಲ್ ಆಗುತ್ತದೆ. ನಾನು ಕಂಡ ಗುಳ್ಳೆಗಳು ಆ ಸಾರಜನಕದವು. ನ್ಯಾಫ್ಥಾಲಿನೊಡನೆ ಕೂಡಿ ಬಣ್ಣವಾಗಬೇಕಾದುದೇ ಅಳಿದುಹೋಗಿತ್ತು. ಹೊಸ ಮಂಜುಗಡ್ಡೆ ತಂದು ಮತ್ತೆ ಮಾಡಿದಾಗ ಕೆಂಪು ಮೂಡಿತು. ಬರೆದಿದ್ದ ಸುಳ್ಳನ್ನು ಹೊಡೆದುಹಾಕಿ, ಮೊದಲ ಸಲ ಗುಳ್ಳೆ ಮಾತ್ರ, ಎರಡನೆಯ ಸಲ ಕೆಂಪು ಎಂದು ಎರಡನ್ನೂ ದಾಖಲಿಸಿದೆ.

ಕನ್ನಡದಲ್ಲಿ ಓದಿದ್ದರಿಂದಲೇ ಹಿಂದುಳಿದೆವೆಂದು ನಮ್ಮ ಮಕ್ಕಳು ಕಾಲೇಜಿನಿಂದ ಬಂದು ಕಣ್ಣೀರಿಟ್ಟಾಗ ನನಗೆ ಆ ಬೋಗುಣಿ ನೆನಪಾಗುತ್ತದೆ. ಹೊಸ ಪದಗಳ ಕಷ್ಟ ಸುಳ್ಳಲ್ಲ. ಆದರೆ ಓದುತ್ತ ಓದುತ್ತ ಅದು ನೀಗುತ್ತದೆ. ಕೇಳಲು ನಾಚುವ ಅಭ್ಯಾಸ ಹಾಗೆ ತಾನಾಗಿ ನೀಗುವುದಿಲ್ಲ. ಆದುದರಿಂದ ಅವರಿಗೆ ಇಷ್ಟೇ ಹೇಳುತ್ತೇನೆ: ಭಾಷೆಯನ್ನು ದೂರುವ ಮೊದಲು ಮಂಜುಗಡ್ಡೆ ಉಳಿದಿದೆಯೇ ನೋಡು; ಕರಗಿದ್ದರೆ, ಕೇಳಿ ಪಡೆದುಕೊ.